ಮೂಲೆ ಸೇರಿದ ಬೂಟು

ತಮ್ಮಾ, ನೀನು ದುಬಾರಿ ಬೂಟು ತಂದೆ. ಹೆಜ್ಜೆ ಎಣಿಸೋ ವಾಚು ಕಟ್ಟಿದೆ. ಒಂದು ವಾರ ಅಂಬಿಕಾನಗರದ ಕಾಲೊನಿ ರಸ್ತೆಯಲ್ಲಿ ಹಲ್ಲು ಕಚ್ಚಿಕೊಂಡು ಓಡಿದೆ. ಈಗ ಬೂಟು ಮೂಲೆ ಸೇರಿದೆ, ನೀನು ಮಂಚ ಸೇರಿದ್ದೀ. ಕೇಳಿದರೆ "ಟೈಮಿಲ್ಲ ಅಜ್ಜಾ" ಅನ್ನುತ್ತೀ. ಟೈಮಿದೆ ಮಾರಾಯ, ಮನಸ್ಸಿಲ್ಲ. ಮೈ ದಣಿಸುವುದನ್ನು ಕಷಾಯದ ಹಾಗೆ ಮೂಗು ಹಿಡಿದು ಕುಡಿಯಲು ಹೊರಟರೆ ಮನಸ್ಸು ಎಷ್ಟು ದಿನ ಬಂದೀತು?

ಲಗೋರಿ ಆಡಿ ಎಷ್ಟು ವರ್ಷವಾಯ್ತು ಹೇಳು. ಏಳು ಚಪ್ಪಟೆ ಕಲ್ಲು, ಒಂದು ರಬ್ಬರ್ ಚೆಂಡು. ಗುರಿಯಿಟ್ಟು ಉರುಳಿಸಿದೆಯೋ, ಓಟ ಶುರು. ಕಲ್ಲು ಪೇರಿಸಲು ಕುಕ್ಕರಗಾಲಲ್ಲಿ ಕೂರುತ್ತೀ. ಎರಡು ಇಟ್ಟಿರುತ್ತೀ, ಕಣ್ಣಂಚಿನಲ್ಲಿ ಚೆಂಡು ಕಾಣುತ್ತದೆ. ಎದ್ದು ಹಾರುತ್ತೀ, ಸುತ್ತು ಹಾಕಿ ಮತ್ತೆ ಬಂದು ಕೂರುತ್ತೀ. ಒದ್ದೆ ಚೆಂಡು ಬೆನ್ನಿಗೆ ಬಿದ್ದರೆ ಚುರ್ ಅನ್ನುತ್ತದೆ, ಅಷ್ಟಕ್ಕೇ ನಗು. ಜಿಮ್ಮಿನಲ್ಲಿ ಕನ್ನಡಿ ಮುಂದೆ ಇಪ್ಪತ್ತು ಸಲ ಬಸ್ಕಿ ಹೊಡೆ ಅಂದರೆ ಹನ್ನೆರಡಕ್ಕೇ ಗೊಣಗುವವನು, ಇಲ್ಲಿ ಐವತ್ತು ಸಲ ಕೂತು ಎದ್ದರೂ ಲೆಕ್ಕ ಕೇಳುವುದಿಲ್ಲ.

ದೇಹಕ್ಕೂ ಅಷ್ಟೇ, ಆಟವೋ ಕಸರತ್ತೋ ಎಂಬ ಭೇದವಿಲ್ಲ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಎದೆ ಗಟ್ಟಿಯಾಗುತ್ತದೆ, ರಾತ್ರಿ ನಿದ್ದೆ ಹತ್ತುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣವಾಗಿ ದಣಿಯಬೇಕು, ಮಕ್ಕಳು ದಿನಕ್ಕೆ 60 ನಿಮಿಷ. ಜಿಮ್ಮಿಗೇ ಹೋಗಿ ದಣಿಯಬೇಕು ಅಂತ ಎಲ್ಲೂ ಹೇಳಿಲ್ಲ.

ನಮ್ಮ ಸುತ್ತ ಕಣ್ಣು ಹಾಯಿಸು. ಜೋಯಿಡಾ ಕಡೆಯ ಕುಣಬಿ ಹೆಂಗಸರು ಫುಗಡಿ ಆಡುವುದನ್ನು ನೋಡು. ಇಬ್ಬರು ಕೈ ಅಡ್ಡ ಹಿಡಿದು, ಪಾದಕ್ಕೆ ಪಾದ ತಾಗಿಸಿ, ಹಿಂದಕ್ಕೆ ವಾಲಿ ಗಿರಗಿರ ತಿರುಗುತ್ತಾರೆ. ಹಿಡಿತ ಸಡಿಲಿದರೆ ಇಬ್ಬರೂ ನೆಲಕ್ಕೆ. ಸಿದ್ದಿಗಳ ಕೇರಿಯಲ್ಲಿ ಡಮಾಮಿ ಡೋಲು ಬಾರಿಸಿದರೆ ಕೂತವರ ಕಾಲೂ ಸುಮ್ಮನಿರುವುದಿಲ್ಲ.

ಸಿದ್ದಿಗಳ ಮಾತು ಬಂತು, ಇದನ್ನೂ ತಿಳಿದಿರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ಓಟ, ಜಿಗಿತದ ತರಬೇತಿ ಕೊಟ್ಟಿತು. ಪದಕಗಳೂ ಬಂದವು. 1993ರಲ್ಲಿ ಯೋಜನೆ ನಿಂತಿತು, ಅರ್ಧ ದಾರಿಯಲ್ಲಿದ್ದ ಎಳೆಯರು ಊರಿಗೆ ಮರಳಿದರು. ಅದು ಅನ್ಯಾಯ, ನನಗೆ ಇಂದಿಗೂ ಸಂಕಟ. ಆದರೆ ಡಮಾಮಿ ಕುಣಿತ ನಿಲ್ಲಲಿಲ್ಲ, ಅದಕ್ಕೆ ಯಾರ ಆದೇಶವೂ ಬೇಕಿರಲಿಲ್ಲ. ಈಗ ಹಳಿಯಾಳದ ಅಖಾಡದಲ್ಲಿ ಸಿದ್ದಿ ಹುಡುಗಿಯರು ಕುಸ್ತಿ ಹಿಡಿಯುತ್ತಾರೆ. ಒಮ್ಮೆ ಹೋಗಿ ನೋಡಿ ಬಾ, ನಿನ್ನ ಸೋಮಾರಿತನಕ್ಕೆ ಸ್ವಲ್ಪ ನಾಚಿಕೆಯಾಗಲಿ.

ನೀನು ಪದಕ ತರಬೇಕಿಲ್ಲ. ಆ ವಾಚು ಬಿಚ್ಚಿಡು. ಸಂಜೆ ನಾಲ್ಕು ಮಂದಿಯನ್ನು ಕೂಡಿಸು. ಚಿಣಿಪಣಿಯೋ, ಕಬಡ್ಡಿಯೋ, ಶಟಲ್ಲೋ, ಏನಾದರೂ ಆಗಲಿ. ಮಳೆ ಹಿಡಿದರೆ ಪಡಸಾಲೆಯಲ್ಲಿ ಕುಂಟಾಬಿಲ್ಲೆ. ಆತುರಗೇಡಿ ನೀನು, ಮೊದಲ ದಿನವೇ ಮಂಡಿ ಮುರಿದುಕೊಳ್ಳಬೇಡ. ಕಾಳಿ ನದಿಗಂತೂ ಆಟಕ್ಕೆಂದು ಇಳಿಯಲೇಬೇಡ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ನೋಡನೋಡುತ್ತಲೇ ಏರುತ್ತದೆ, ದಾಂಡೇಲಿ ಹತ್ತಿರ ಮೊಸಳೆಗಳೂ ಇವೆ.

ಇನ್ನೊಂದು. ನಿನ್ನ ಅವ್ವನನ್ನೂ ಕರಿ. ಖೋ-ಖೋ ಆಡುತ್ತಿದ್ದ ಹುಡುಗಿ ಅವಳು. ಲಗ್ನವಾದ ಮೇಲೆ ಓಡಿದ್ದು ಹಾಲು ಉಕ್ಕಿದಾಗ ಮಾತ್ರ. ಮೊದಲು "ಹೋಗೋ, ಜನ ಏನಂದಾರು" ಅನ್ನುತ್ತಾಳೆ. ಇನ್ನೊಮ್ಮೆ ಕೇಳು. ಪಾತ್ರೆ ನೀನು ತೊಳಿ, ಸಂಜೆ ಅರ್ಧ ಗಂಟೆ ಅವಳಿಗೆ ಬಿಡುವಾಗಲಿ.