ಪೆಟ್ರೋಲ್ ಟ್ಯಾಂಕಿನ ಉಸಿರಾಟ

ತೆಂಗಿನೆಣ್ಣೆಯ ಡಬ್ಬಿಗೆ ಒಂದೇ ತೂತು ಕೊರೆದು ಬಗ್ಗಿಸಿದರೆ ಎಣ್ಣೆ ತಡೆತಡೆದು ಬೀಳುತ್ತದೆ. ಎದುರು ಬದಿಗೆ ಇನ್ನೊಂದು ತೂತು ಮಾಡಿದೊಡನೆ ಸರಾಗವಾಗಿ ಸುರಿಯುತ್ತದೆ. ಅಡುಗೆಮನೆಯ ಈ ಪಾಠ ವಾಹನದ ಪೆಟ್ರೋಲ್ ಟ್ಯಾಂಕಿಗೂ ಅನ್ವಯಿಸುತ್ತದೆ. ಎಂಜಿನು ಪೆಟ್ರೋಲನ್ನು ಸೆಳೆದಂತೆ ಬರಿದಾದ ಸ್ಥಳಕ್ಕೆ ಗಾಳಿ ಬರಬೇಕು. ಬಾರದಿದ್ದರೆ ಒಳಗಿನ ಒತ್ತಡ ಕುಸಿದು ಪೂರೈಕೆ ನಿಲ್ಲುತ್ತದೆ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ಮಂಗಳೂರಿನ ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರನ್ನು ನೆನೆಯಿರಿ. 40 ಲೀಟರು ಪೆಟ್ರೋಲಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 0.4 ಲೀಟರಿನಷ್ಟು ಹಿಗ್ಗುತ್ತದೆ. ಆವಿಯ ಒತ್ತಡವೂ ಹೆಚ್ಚುತ್ತದೆ. ಆದುದರಿಂದ ಟ್ಯಾಂಕು ಉಸಿರನ್ನು ಒಳಗೆಳೆಯಲೂ ಬೇಕು, ಹೊರಬಿಡಲೂ ಬೇಕು.

ಹಿಂದೆ ಅನೇಕ ವಾಹನಗಳಲ್ಲಿ ಮುಚ್ಚಳದ ಸಣ್ಣ ರಂಧ್ರವೇ ಈ ಎರಡೂ ಕೆಲಸ ಮಾಡುತ್ತಿತ್ತು. ಆವಿ ನೇರವಾಗಿ ಗಾಳಿಗೆ ಸೇರುತ್ತಿತ್ತು. ಈ ಆವಿಯಲ್ಲಿನ ಹೈಡ್ರೋಕಾರ್ಬನ್‌ಗಳು ಬಿಸಿಲಿನಲ್ಲಿ ಸಾರಜನಕದ ಆಕ್ಸೈಡುಗಳೊಡನೆ ವರ್ತಿಸಿ, ನೆಲಮಟ್ಟದಲ್ಲಿ ಓಜೋನ್ ಉಂಟಾಗಲು ಕಾರಣವಾಗುತ್ತವೆ. ಅದು ಶ್ವಾಸಕೋಶಗಳಿಗೆ ಹಾನಿಕರ. ಪೆಟ್ರೋಲಿನಲ್ಲಿರುವ ಬೆಂಜೀನು ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಎಂಜಿನು ನಿಲ್ಲಿಸಿದ ವಾಹನ ಗಾಳಿಯನ್ನು ಕೆಡಿಸದೆಂಬ ಭಾವನೆ ಆದ್ದರಿಂದ ಸರಿಯಲ್ಲ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 1970ರ ಮಾದರಿಯ ಕಾರುಗಳಿಂದಲೇ ಈ ಆವಿಗೆ ತಡೆ ವಿಧಿಸಿತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಗಳು ಪೆಟ್ರೋಲ್ ಕಾರುಗಳಿಗೂ ದ್ವಿಚಕ್ರ ವಾಹನಗಳಿಗೂ ಆವಿಯ ಮಿತಿಯನ್ನು ಗೊತ್ತುಪಡಿಸಿವೆ.

ಇದರ ಸಾಧನ ಸರಳವಾದುದು. ಟ್ಯಾಂಕಿನಿಂದ ಹೊರಟ ಆವಿ ಒಂದು ನಳಿಕೆಯ ಮೂಲಕ ಸಕ್ರಿಯ ಇದ್ದಿಲು ತುಂಬಿದ ಪೆಟ್ಟಿಗೆಯನ್ನು ಸೇರುತ್ತದೆ. ಅಸಂಖ್ಯ ಸೂಕ್ಷ್ಮರಂಧ್ರಗಳುಳ್ಳ ಇದ್ದಿಲಿನ ಮೇಲ್ಮೈಗೆ ಆವಿಯ ಕಣಗಳು ಅಂಟಿ ನಿಲ್ಲುತ್ತವೆ. ಇದಕ್ಕೆ ಅಧಿಶೋಷಣೆ ಎಂದು ಹೆಸರು. ಎಂಜಿನು ಓಡಿ ಬಿಸಿಯಾದ ಮೇಲೆ ಕವಾಟವೊಂದು ತೆರೆದು, ಎಂಜಿನಿನ ಸೆಳೆತಕ್ಕೆ ಹೊರಗಿನ ಗಾಳಿ ಇದ್ದಿಲಿನ ಮೂಲಕ ಹಾಯುತ್ತದೆ. ಅದರೊಡನೆ ಆವಿಯೂ ಎಂಜಿನಿಗೆ ಹೋಗಿ ಉರಿಯುತ್ತದೆ. ಇದ್ದಿಲು ಮತ್ತೆ ಆವಿಯನ್ನು ಹಿಡಿಯಲು ಸಿದ್ಧವಾಗುತ್ತದೆ. ವಾಹನ ಮಗುಚಿದರೆ ಪೆಟ್ರೋಲು ಹೊರಚೆಲ್ಲದಂತೆ ತಡೆಯಲು ಬೇರೊಂದು ಕವಾಟವಿರುತ್ತದೆ.

ಆವಿಯ ನಷ್ಟವನ್ನು ತಡೆಯುವ ಚಿಂತೆ ದೊಡ್ಡ ಸಂಗ್ರಹಾಗಾರಗಳಿಗೂ ಇದೆ. ನಮ್ಮ ನೆರೆಯ ಕುತ್ತೆತ್ತೂರಿನ ಎಂ.ಆರ್.ಪಿ.ಎಲ್. ನಮಗೆಲ್ಲ ಪರಿಚಿತ. ತೈಲ ಸಂಸ್ಕರಣಾಗಾರಗಳ ಭಾರಿ ಟ್ಯಾಂಕುಗಳಲ್ಲಿ ದ್ರವದೊಡನೆ ಏರಿಳಿಯುವ ತೇಲುಮಾಡನ್ನು ಬಳಸುವುದುಂಟು; ದ್ರವಕ್ಕೂ ಮಾಡಿಗೂ ನಡುವೆ ಆವಿಗೆ ಎಡೆಯನ್ನು ಕಡಿಮೆಮಾಡುವುದೇ ಅದರ ಉದ್ದೇಶ.

ಉಪಕರಣವೊಂದಿದ್ದ ಮಾತ್ರಕ್ಕೆ ನಮ್ಮ ಹೊಣೆ ತೀರಲಿಲ್ಲ. ಬಂಕಿನಲ್ಲಿ ಪಂಪು ತಾನಾಗಿ ನಿಂತ ಮೇಲೂ ಲೆಕ್ಕ ಸರಿಮಾಡಲೆಂದು ಪೆಟ್ರೋಲು ತುಂಬಿಸಿದರೆ ದ್ರವವು ಇದ್ದಿಲಿನ ಪೆಟ್ಟಿಗೆಗೆ ನುಗ್ಗಿ ಅದನ್ನು ಕೆಡಿಸಬಹುದು. ಮುಚ್ಚಳ ಸಡಿಲವಾದರೆ, ನಳಿಕೆ ಬಿರಿದರೆ ಆವಿ ಸೋರುತ್ತದೆ. ಇದ್ದಿಲು ಹಿಡಿಯಬಲ್ಲ ಆವಿಗೂ ಮಿತಿಯುಂಟು. ಬಹುದಿನ ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಅದು ತುಂಬಿಹೋಗುತ್ತದೆ.

ಅಧ್ಯಾಪಕರು ನೀರು ತುಂಬಿದ ಡಬ್ಬಿಯಿಂದಲೇ ಈ ಪಾಠವನ್ನು ಆರಂಭಿಸಬಹುದು. ಶಾಲೆಗೆ ಬರುವ ಹಿರಿಯರು ವಾಹನಗಳನ್ನು ನೆರಳಿನಲ್ಲಿ ನಿಲ್ಲಿಸಲಿ. ವಾಹನ ನಿಲ್ಲುವ ಬಯಲಿಗೆ ನಾಲ್ಕು ಮರಗಳನ್ನು ಕೊಡುವ ದಾನಿಗಳು ಅಲ್ಲಿ ಉಸಿರಾಡುವ ಮಕ್ಕಳಿಗೆ ಉಪಕಾರ ಮಾಡಿದವರಾಗುತ್ತಾರೆ.