ಬಡ್ಡಿ ಕಲಿಸುತ್ತಿದ್ದವನ ಸಾಲ

ಹನ್ನೊಂದು ವರ್ಷಗಳ ಕಾಲ ಎಂಟನೆಯ ತರಗತಿಯ ಮಕ್ಕಳಿಗೆ ಸರಳ ಬಡ್ಡಿಯನ್ನೂ ಚಕ್ರಬಡ್ಡಿಯನ್ನೂ ಬೋಧಿಸಿ, ಅಸಲನ್ನು ದರದಿಂದಲೂ ಕಾಲದಿಂದಲೂ ಗುಣಿಸಿ ನೂರರಿಂದ ಭಾಗಿಸುವ ಸೂತ್ರವನ್ನು ನಿದ್ರೆಯಲ್ಲಿಯೂ ತಪ್ಪದೆ ಹೇಳಬಲ್ಲವನಾಗಿದ್ದ ನಾನು, ಸ್ವತಃ ಸಾಲಗಾರನಾಗಿ ಬ್ಯಾಂಕಿನ ಮೇಜಿನ ಮುಂದೆ ಕುಳಿತು ಹತ್ತಾರು ಹಾಳೆಗಳಿಗೆ ರುಜು ಹಾಕಿದ ದಿನ ಆ ಸೂತ್ರವನ್ನು ಒಮ್ಮೆಯಾದರೂ ನೆನೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಲು ಈಗ ನನಗೆ ಸಂಕೋಚವಿಲ್ಲ. ಇದ್ದ ಸಂಕೋಚವೆಲ್ಲ ಕಂತು ಕಟ್ಟುವುದರಲ್ಲಿಯೇ ಕರಗಿಹೋಯಿತು.

ಸಾಲ ಮಾಡಿದ್ದು ಎಂ.ಎಡ್. ವ್ಯಾಸಂಗಕ್ಕಾಗಿ. ಹಿಂದಿನವರು ಒಂದೇ ವರ್ಷದಲ್ಲಿ ಮುಗಿಸುತ್ತಿದ್ದ ಈ ಪದವಿ 2015ರಲ್ಲಿ ಎರಡು ವರ್ಷದ್ದಾಗಿತ್ತು. ಖಾಸಗಿ ಪ್ರೌಢಶಾಲೆಯ 22,000 ರೂಪಾಯಿ ಸಂಬಳವನ್ನು ಬಿಟ್ಟು ಮೈಸೂರಿಗೆ ಹೊರಟು ನಿಂತಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಓದ್ಕೊಂಡು ಬಂದ್ಮೇಲೆ ಸಂಬಳ ಎಷ್ಟು ಜಾಸ್ತಿ ಆಗ್ತದಪ್ಪ?” ವಿದ್ಯೆಯನ್ನು ಹಣದಿಂದ ಅಳೆಯಬಾರದೆಂದು ನಾನು ದೊಡ್ಡ ಮಾತನ್ನಾಡಿದೆನು. ಹಸು ಕೊಳ್ಳುವಾಗ ಹಾಲಿನ ಲೆಕ್ಕವನ್ನೂ ಹಿಂಡಿಯ ಲೆಕ್ಕವನ್ನೂ ಹಾಕದೆ ಹಗ್ಗ ಹಿಡಿಯದ ಆ ಹೆಂಗಸು ಮರುಮಾತಾಡದೆ ಒಳಗೆ ಹೋದಳು.

ಶುಲ್ಕಕ್ಕೂ ಹಾಸ್ಟೆಲಿಗೂ ಸೇರಿ ವರ್ಷಕ್ಕೆ ಒಂದು ಲಕ್ಷದಂತೆ 2,00,000 ರೂಪಾಯಿ, ಶೇ. 10ರ ಬಡ್ಡಿಗೆ. ಓದುವ ಅವಧಿಯಲ್ಲಿಯೂ ಅನಂತರದ ಒಂದು ವರ್ಷದಲ್ಲಿಯೂ ಕಂತು ಕಟ್ಟಬೇಕಾಗಿಲ್ಲವೆಂದು ಕೇಳಿದೊಡನೆ ನನ್ನ ಮನಸ್ಸು ಹಗುರವಾಗಿತ್ತು. ಆದರೆ ಆ ಬಿಡುವು ಕಂತಿಗೇ ಹೊರತು ಬಡ್ಡಿಗಲ್ಲ. ಮೊದಲ ಲಕ್ಷಕ್ಕೆ ಮೂರು ವರ್ಷದ 30,000, ಎರಡನೆಯದಕ್ಕೆ ಎರಡು ವರ್ಷದ 20,000, ಹೀಗೆ ಸದ್ದಿಲ್ಲದೆ ಬೆಳೆದ 50,000 ರೂಪಾಯಿ ಸರಳ ಬಡ್ಡಿಯು ಕಂತು ಆರಂಭವಾಗುವ ದಿನ ಅಸಲಿನೊಡನೆ ಬೆರೆತು, ಅಂದಿನಿಂದ ತಾನೂ ಬಡ್ಡಿಯನ್ನು ಹಡೆಯತೊಡಗಿತು. ಐದು ವರ್ಷದ ಅವಧಿಗೆ 4,249 ಆಗಬೇಕಾಗಿದ್ದ ಮಾಸಿಕ ಕಂತು 5,312 ಆಯಿತು. ಓದುತ್ತಿರುವಾಗಲೇ ಮೊದಲ ವರ್ಷ ತಿಂಗಳಿಗೆ 833 ರೂಪಾಯಿಯಂತೆ, ಆಮೇಲೆ ಅದರ ಇಮ್ಮಡಿಯಂತೆ ಬಡ್ಡಿಯನ್ನಷ್ಟೇ ಕಟ್ಟುತ್ತ ಬಂದಿದ್ದರೆ ಸುಮಾರು 13,700 ರೂಪಾಯಿ ಉಳಿಯುತ್ತಿತ್ತು. ಹಾಗೆ ಕಟ್ಟುವವರಿಗೆ ದರದಲ್ಲಿಯೂ ಕೊಂಚ ರಿಯಾಯಿತಿ ತೋರಿಸುವ ಬ್ಯಾಂಕುಗಳುಂಟು. ಇದಾವುದೂ ಗುಟ್ಟಲ್ಲ, ನಾನು ರುಜು ಹಾಕಿದ ಹಾಳೆಯಲ್ಲಿಯೇ ಇತ್ತು.

ಅದನ್ನು ನನಗೆ ಓದಿಸಿದವಳು ಒಬ್ಬ ಹುಡುಗಿ. ಮಕ್ಕಳು ಬಡ್ಡಿಯ ಲೆಕ್ಕಗಳನ್ನು ಹೇಗೆ ಗ್ರಹಿಸುತ್ತಾರೆಂಬುದು ನನ್ನ ಪ್ರಬಂಧದ ವಿಷಯವಾಗಿತ್ತು. ನಾನು ಬರೆದುಕೊಂಡು ಹೋದ ಪುಟಪುಟದ ಅಂಚಿನಲ್ಲಿಯೂ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ “ಮಗು ಏನೆಂದಿತು?” ಎಂದು ಬರೆದು ಹಿಂದಿರುಗಿಸುತ್ತಿದ್ದರು. ಹನ್ನೊಂದು ವರ್ಷ ಹೇಳುವುದನ್ನೇ ಕಸುಬಾಗಿ ಮಾಡಿಕೊಂಡಿದ್ದವನಿಗೆ ಕೇಳಿಸಿಕೊಳ್ಳುವುದು ಎಷ್ಟು ಕಷ್ಟದ ವಿದ್ಯೆಯೆಂಬುದು ಆಗ ತಿಳಿಯಿತು. ಕೊನೆಗೊಮ್ಮೆ ಹಳ್ಳಿಯ ಶಾಲೆಯೊಂದರಲ್ಲಿ, 5,000ಕ್ಕೆ ಶೇ. 12ರಂತೆ ಎರಡು ವರ್ಷದ ಬಡ್ಡಿ 1,200 ಎಂದು ಸರಿಯಾಗಿ ಬರೆದಿದ್ದ ಹುಡುಗಿಯನ್ನು, “ಈ ದುಡ್ಡನ್ನು ಯಾರು ಯಾರಿಗೆ ಕೊಡಬೇಕಮ್ಮ?” ಎಂದು ಕೇಳಿದೆನು. “ಗೊತ್ತಿಲ್ಲ ಸಾರ್. ಉತ್ತರ ಸರಿ ತಾನೆ?” ಎಂದಳು. ನಗುತ್ತಲೇ ಬರೆದುಕೊಂಡೆನು, ಆ ರಾತ್ರಿ ಹಾಸ್ಟೆಲಿನಲ್ಲಿ ಸಾಲದ ಕಾಗದಗಳನ್ನು ತೆಗೆದು ಓದುವಾಗ ನಗು ಬರಲಿಲ್ಲ. ಅರಿವು ಮೂಡಿದಾಗ ಕೈಯಲ್ಲಿ ಕಾಸಿರಲಿಲ್ಲ.

ಕಾಸೇಕೆ ಇರಲಿಲ್ಲವೆಂಬುದಕ್ಕೆ ನನ್ನ ಖರ್ಚಿನ ಪುಸ್ತಕ ಉತ್ತರ ಕೊಡುತ್ತಿರಲಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಬಳಿ ತಿಂದ ಕಡಲೆಕಾಯಿಯವರೆಗೆ ಎಲ್ಲವೂ ಅದರಲ್ಲಿದ್ದಿತು. ಬಿಟ್ಟುಬಂದ 24 ತಿಂಗಳ ಸಂಬಳ, ಎಂದರೆ 5,28,000 ರೂಪಾಯಿ, ಎಲ್ಲಿಯೂ ಇರಲಿಲ್ಲ. ಸಾಲದ ಎರಡೂವರೆ ಪಾಲಿಗೂ ಮಿಗಿಲಾದ ಈ ವೆಚ್ಚ ಜೇಬಿನಿಂದ ಹೋಗಲಿಲ್ಲ, ಜೇಬಿಗೆ ಬರಲೇ ಇಲ್ಲ; ಆದ್ದರಿಂದಲೇ ಕಣ್ಣಿಗೆ ಬೀಳಲಿಲ್ಲ. ಹಿಂದಿರುಗಿದ ಮೇಲೆ ಸಂಬಳ ಏರಿದ್ದು 3,000. ಅಮ್ಮನ ಪ್ರಶ್ನೆಗೆ ಆಗ ಪ್ರಾಮಾಣಿಕವಾದ ಉತ್ತರ ದೊರೆಯಿತು: ಬಿಟ್ಟ ಸಂಬಳವೊಂದೇ ತುಂಬಿಬರಲು 176 ತಿಂಗಳು, ಹದಿನೈದು ವರ್ಷಕ್ಕೆ ನಾಲ್ಕು ತಿಂಗಳು ಕಡಮೆ. ಶಿಕ್ಷಣ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಆಗಿನ ಆದಾಯ ತೆರಿಗೆ ಕಾಯಿದೆಯ 80ಇ ಕಲಮಿನ ಪ್ರಕಾರ ಎಂಟು ವರ್ಷಗಳವರೆಗೆ ಮಿತಿಯಿಲ್ಲದ ವಿನಾಯಿತಿಯಿದೆಯೆಂದು ಹಿತೈಷಿಗಳು ನೆನಪಿಸಿದರು. ತೆರಿಗೆಯೇ ತಾಗದ ಸಂಬಳದವನಿಗೆ ಅದು ಪಕ್ಕದ ಪಂಕ್ತಿಯ ಹೋಳಿಗೆ.

ಈಗ ಬಡ್ಡಿಯ ಪಾಠ ಬಂದಾಗ ಮನೆಯಲ್ಲಿರುವ ಸಾಲದ ಪುಸ್ತಕವನ್ನು, ಹಿರಿಯರು ಒಪ್ಪಿದರೆ ಮಾತ್ರ, ತರಲು ಹೇಳುತ್ತೇನೆ. ಕಳೆದ ವರ್ಷ ಹುಡುಗನೊಬ್ಬ ತಾಯಿಯ 20,000 ರೂಪಾಯಿ ಸಾಲದ ಪುಸ್ತಕವನ್ನು ಮುಂದೆ ಹಿಡಿದು, “ಸಾರ್, ಅಸಲು ಕಮ್ಮಿ ಆಗ್ತಾ ಬಂದ್ರೂ ಬಡ್ಡಿ ಮಾತ್ರ ತಿಂಗಳಾ ತಿಂಗಳಾ 200 ರೂಪಾಯಿನೇ ಐತಲ್ಲ, ಯಾಕೆ?” ಎಂದನು. ಸೂತ್ರವನ್ನು ಬದಿಗಿಟ್ಟು ಎರಡು ಪೀರಿಯಡ್ಡು ಅದನ್ನೇ ಬಿಡಿಸಿದೆವು. ಎರಡು ವರ್ಷದ ಆ ಸಾಲಕ್ಕೆ ಶೇ. 12 ಎಂದು ಹೇಳಿದ್ದ ದರ, ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ 21ನ್ನು ಮೀರಿತ್ತು. ಮರುದಿನ ತಾಯಿಯೇ ಶಾಲೆಗೆ ಬಂದು, “ಹಂಗಾದ್ರೆ ಬ್ಯಾಂಕಲ್ಲಿ ತಗೊಂಡು ಇದನ್ನ ತೀರಿಸಿಬಿಡ್ಲಾ ಸಾರ್?” ಎಂದು ಕೇಳಿದರು.

ನಾನು ಉತ್ತರ ಹೇಳಲಿಲ್ಲ. ಇನ್ನೆಷ್ಟು ಕಂತು ಉಳಿದಿವೆಯೆಂದು ಮೊದಲು ಕೇಳಿದೆನು.