ವೇರಿಯೇಬಲ್‌ಗಿಂತ ಅದರ ಬಲಗಡೆ ನೋಡಿ

ಚಳ್ಳಕೆರೆಯ ಶೇಂಗಾ ಮಂಡಿಗಳಿಗೆ ಬಿಲ್ಲಿನ ತಂತ್ರಾಂಶ, ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಗಳಿಗೆ ಸ್ಟಾಕಿನ ಪುಟ, ಇದು ನನ್ನ ಕಸುಬು. ಎಲ್ಲವೂ ಬ್ರೌಸರಿನಲ್ಲೇ ನಡೆಯಬೇಕು, ಅದೂ ಹಳೆಯ ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ.

1. ಜಾವಾಸ್ಕ್ರಿಪ್ಟಿನ ವಾರ್, ಲೆಟ್, ಕಾನ್ಸ್ಟ್‌ಗಳಲ್ಲಿ ಯಾವುದು ವೇಗ ಎಂಬ ಜಗಳ ಬಿಡಿ. ಲೆಟ್, ಕಾನ್ಸ್ಟ್ 2015ರಲ್ಲಿ ಇಎಸ್6 ಜೊತೆ ಬಂದವು. ಬೆಲೆ ತುಂಬುವ ಮೊದಲೇ ಬಳಸಿದ್ದೀರಾ ಎಂದು ಎಂಜಿನ್ ಕೆಲವೊಮ್ಮೆ ಪರೀಕ್ಷಿಸುವುದು ನಿಜ, ಆದರೆ ಬಿಲ್ಲಿನ ಪುಟದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ನಾನು ಕಾನ್ಸ್ಟ್ ಬರೆಯುವುದು ಮುಂದೆ ಕೋಡ್ ಓದುವವರಿಗಾಗಿ.

2. ಸಮಯ ತಿನ್ನುವುದು ಸಮ ಚಿಹ್ನೆಯ ಬಲಗಡೆ. ಮಂಡಿಯ ಬಿಲ್ಲಿನಲ್ಲಿ ಪ್ರತಿ ಲಾಟಿಗೂ ಚೀಲ, ತೂಕ, ದರ, ಹಮಾಲಿ ಇರುತ್ತವೆ. ಹಮಾಲಿ ದರ ಇಡೀ ಬಿಲ್ಲಿಗೆ ಒಂದೇ. ಆದರೂ ಅನೇಕರ ಕೋಡಿನಲ್ಲಿ ಲೂಪಿನೊಳಗೆ, ಲಾಟಿಗೊಂದು ಸಲ, ಲೋಕಲ್ ಸ್ಟೋರೇಜಿನಿಂದ ಅದನ್ನು ತೆಗೆದು ಜೇಸನ್ ಪಾರ್ಸ್ ಮಾಡಿರುತ್ತಾರೆ. ಆ ಓದು ಮುಗಿಯುವವರೆಗೆ ಪುಟದ ಬೇರೆ ಕೆಲಸ ನಿಂತೇ ಇರುತ್ತದೆ. ಆ ಒಂದು ಸಾಲನ್ನು ಲೂಪಿನ ಮೇಲಕ್ಕೆ ಎತ್ತಿಡಿ. ಮೊತ್ತವನ್ನೂ ಪ್ರತಿ ಸುತ್ತಿನಲ್ಲಿ ಪರದೆಗೆ ಬರೆಯಬೇಡಿ, ವೇರಿಯೇಬಲ್‌ನಲ್ಲಿ ಕೂಡಿಸಿ ಕೊನೆಗೊಮ್ಮೆ ಬರೆಯಿರಿ.

3. ಆಬ್ಜೆಕ್ಟಿನ ಗುಣಗಳನ್ನು ಒಂದೇ ಕ್ರಮದಲ್ಲಿ ತುಂಬಿ. ಒಂದು ಸೀರೆಗೆ ಬಣ್ಣ ಮೊದಲು, ಅಂಚು ಆಮೇಲೆ. ಇನ್ನೊಂದಕ್ಕೆ ಅಂಚು ಮೊದಲು. ನಮಗೆ ಎರಡೂ ಒಂದೇ, ಕ್ರೋಮ್‌ನೊಳಗಿನ ವಿ8 ಎಂಜಿನ್‌ಗೆ ಅವು ಬೇರೆ ಬೇರೆ ಆಕಾರ. ಆಕಾರ ಒಂದೇ ಇದ್ದರೆ ದರ ಎಲ್ಲಿದೆ ಎಂದು ಒಮ್ಮೆ ಹುಡುಕಿ ನೆನಪಿಟ್ಟುಕೊಳ್ಳುತ್ತದೆ. ಬುಟ್ಟಾ ಇಲ್ಲದ ಸೀರೆಗೆ ಆ ಗುಣವನ್ನು ಡಿಲೀಟ್ ಮಾಡುವ ಬದಲು ನಲ್ ಇಡಿ. ಹತ್ತಿಪ್ಪತ್ತು ಸೀರೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಸಾವಿರಗಟ್ಟಲೆ ಇದ್ದಾಗ ಬೇಕು.

4. ಘೋಷಿಸದೆ ಬೆಲೆ ಕೊಟ್ಟರೆ ವೇರಿಯೇಬಲ್ ಗ್ಲೋಬಲ್ ಆಗುತ್ತದೆ. ಅದನ್ನು ತಡೆಯುವ ಸ್ಟ್ರಿಕ್ಟ್ ಮೋಡ್ 2009ರಿಂದ ಇದೆ, ಹಾಕಿ.

5. ಸಿಎಸ್ಎಸ್ ವೇರಿಯೇಬಲ್ ಕೂಡ ವೇರಿಯೇಬಲ್ಲೇ. ಗ್ರಾಹಕರು ಸೆರಗಿನ ಬಣ್ಣ ಬದಲಿಸಿ ನೋಡುವಾಗ ಅದನ್ನು ಪುಟದ ಬೇರಿನಲ್ಲಿ ಬದಲಿಸಿದರೆ, ಕೆಳಗಿನ ನೂರಾರು ಸೀರೆ ಕಾರ್ಡುಗಳ ಶೈಲಿಯನ್ನೂ ಬ್ರೌಸರ್ ಮತ್ತೆ ಲೆಕ್ಕ ಹಾಕಬೇಕಾಗಬಹುದು. ಆ ಒಂದು ಕಾರ್ಡಿಗೇ ಇಡಿ.

6. ಹತ್ತು ಲಕ್ಷ ಸಲ ಲೂಪ್ ಓಡಿಸಿ ಅಳೆದ ಅಂಕಿಗಳನ್ನು ನಾನು ನಂಬುವುದಿಲ್ಲ. ಫಲಿತಾಂಶ ಎಲ್ಲೂ ಬಳಕೆಯಾಗದಿದ್ದರೆ ಎಂಜಿನ್ ಆ ಲೆಕ್ಕವನ್ನೇ ಕೈಬಿಡಬಹುದು. 2018ರ ಸ್ಪೆಕ್ಟರ್ ದೋಷದ ನಂತರ ಬ್ರೌಸರುಗಳು ಗಡಿಯಾರದ ನಿಖರತೆಯನ್ನೂ ಬೇಕೆಂದೇ ತಗ್ಗಿಸಿವೆ. ಫೋನಿಗೆ ಕೇಬಲ್ ಹಾಕಿ, ಡೆವ್‌ಟೂಲ್ಸ್‌ನ ಪರ್ಫಾರ್ಮೆನ್ಸ್ ಫಲಕ ತೆರೆದು, ಇಡೀ ಬಿಲ್ಲು ತೆರೆಯಲು ಎಷ್ಟು ಹೊತ್ತು ಹಿಡಿಯಿತು ನೋಡಿ. ಉದ್ದದ ಪಟ್ಟಿ ಯಾವುದೋ, ಅಲ್ಲಿಂದ ಶುರು ಮಾಡಿ.